ಕೆಲಸ ಕನ್ಫರ್ಮ್ ಆದದ್ದಕ್ಕೆ ಸಿಹಿ

ಹೋದ ಶುಕ್ರವಾರ ಒಂದು ತುಂಡು ಮೈಸೂರು ಪಾಕ್ ತಿನ್ನಲು ನನಗೆ ಅರ್ಧ ಗಂಟೆ ಹಿಡಿಯಿತು.

ಹಲ್ಲುಗಳು ಗಟ್ಟಿಯಾಗಿಯೇ ಇವೆ. ಪಾಕವೂ ಹದವಾಗಿತ್ತು. (ತುಪ್ಪ ಸ್ವಲ್ಪ ಕಡಿಮೆ. ಫ್ಯಾಕ್ಟರಿಯಲ್ಲಿ ಹಂಚುವ ಸಿಹಿಗೆ ಧಾರಾಳವಾಗಿ ತುಪ್ಪ ಯಾರು ಹಾಕಿಸುತ್ತಾರೆ?) ತೊಂದರೆ ಇದ್ದದ್ದು ನನ್ನ ಕೈಯಲ್ಲಿ. ಅದು ಬಾಯಿಯವರೆಗೆ ಏಳಲಿಲ್ಲ.

ಜಾಲಹಳ್ಳಿ ಕಡೆಯ ನಮ್ಮ ಫ್ಯಾಕ್ಟರಿಯ ಬಗ್ಗೆ, ಅದರ ಬಸ್ಸಿನಲ್ಲಿ ಸೀಟಿಗಾಗಿ ನಡೆಯುವ ಕರವಸ್ತ್ರದ ಯುದ್ಧದ ಬಗ್ಗೆ ಈ ಅಂಕಣದಲ್ಲಿ ಬರೆದು ಬರೆದು ನಿಮಗೆ ಬೇಸರ ಬರಿಸಿದ್ದೇನೆ. ಒಂದು ಪದ್ಧತಿಯ ಬಗ್ಗೆ ಮಾತ್ರ ಇದುವರೆಗೂ ಬರೆದಿಲ್ಲ. ನಾಚಿಕೆಯಾಗುತ್ತಿತ್ತು.

ಹೊಸದಾಗಿ ಸೇರಿದವರಿಗೆ ನಮ್ಮಲ್ಲಿ ಮೊದಲು ಪ್ರೊಬೇಷನ್. ಅದು ಮುಗಿದು, ಕೆಲಸ ಕನ್ಫರ್ಮ್ ಆಯಿತೆಂಬ ಆರ್ಡರ್ ಬಂದ ಮೇಲೆ ಸೆಕ್ಷನ್ನಿಗೆಲ್ಲ ಸಿಹಿ ಹಂಚಬೇಕು. ಯಾವ ರೂಲಿನಲ್ಲೂ ಇದು ಇಲ್ಲ. ಆದರೂ ತಪ್ಪಿಸಿದವರಿಲ್ಲ. ಸಿಹಿ ಹಂಚುವವರೆಗೆ ನೀವು ಹೊಸಬರು. ಹಂಚಿದ ಮೇಲೆ ನಮ್ಮವರು.

ಚೆನ್ನಾಗಿದೆ, ಅಲ್ಲವೇ? ಆದರೆ ಆ ಕೆಲಸ ನಿಮಗೆ ಸಿಕ್ಕಿದ್ದೇ ಗಂಡ ಸತ್ತದ್ದರಿಂದ ಎಂದಾದರೆ?

ಸರ್ವಿಸಿನಲ್ಲಿರುವಾಗಲೇ ತೀರಿಕೊಂಡವರ ಹೆಂಡತಿಗೋ ಮಕ್ಕಳಿಗೋ ಕಂಪನಿ ಒಂದು ಕೆಲಸ ಕೊಡುತ್ತದೆ. ಅನುಕಂಪದ ಆಧಾರದ ಮೇಲೆ. ನಮ್ಮ ಯಜಮಾನರು ತಗಡು ಒತ್ತುವ ಪ್ರೆಸ್ ಷಾಪಿನಲ್ಲಿದ್ದರು. ಕಾಮಾಲೆ ಬಂತು. ಮೊದಲು ನಾಟಿ ಔಷಧಿ, ಆಮೇಲೆ ಆಸ್ಪತ್ರೆ, ಆಮೇಲೆ ಏನೂ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನು, ಅವರು ದಿನಾ ಹೋಗುತ್ತಿದ್ದ ಗೇಟಿನಲ್ಲೇ ಒಳಗೆ ಹೋದೆ. ಸಣ್ಣ ಸಣ್ಣ ತಂತಿಗಳಿಗೆ ಬೆಸುಗೆ ಹಾಕುವ ಸೆಕ್ಷನ್. ಸೂಪರ್‌ವೈಸರ್ ಒಬ್ಬರನ್ನು ಬಿಟ್ಟರೆ ಎಲ್ಲ ಹೆಂಗಸರೇ.

ಅಲ್ಲಿ ನನಗೆ ಹೆಸರಿರಲಿಲ್ಲ. "ರಾಜಣ್ಣನ ಮನೆಯವರು" ಎನ್ನುತ್ತಿದ್ದರು. ಮರ್ಯಾದೆಯಿಂದಲೇ. ಗೇಟಿನ ಹೂವಿನವಳು ಉಳಿದವರಿಗೆ ಮೊಳ ಹಾಕಿ ಕೊಡುತ್ತಾ, ನಾನು ದಾಟುವವರೆಗೆ ಬುಟ್ಟಿಯೊಳಗೆ ಏನನ್ನೋ ಹುಡುಕುತ್ತಿದ್ದಳು. ಪಕ್ಕದ ಸ್ಟೂಲಿನ ಫಿಲೋಮಿನಮ್ಮ ಮಾತ್ರ ಮೊದಲ ದಿನವೇ, ಕೆಲಸ ಹೇಳಿಕೊಡುವುದಕ್ಕೆ ಮುಂಚೆ, ಬೇರೊಂದು ಹೇಳಿಕೊಟ್ಟರು. ಬೆಸುಗೆ ಹಾಕುವಾಗ ರಾಳ ಕರಗಿ ಹೊಗೆ ಬರುತ್ತದೆ. ಕಣ್ಣು ಉರಿಯುತ್ತದೆ.

"ಈ ಹೊಗೆ ಒಳ್ಳೇದು ಕಣಮ್ಮಾ. ಅಳು ಬಂದ್ರೆ ಅತ್ಕೋ. ಹೊಗೆ ಅಂದ್ಕೋತಾರೆ."

ನೌಕರಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಆಮೇಲೆ ಕಂಪನಿಯವರು ಎಷ್ಟೋ ಟ್ರೈನಿಂಗ್ ಕೊಟ್ಟರು. ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಅಳುವುದಕ್ಕೆ ಹೊಗೆ ಇತ್ತು. ನಗುವುದಕ್ಕೆ ಏನೂ ಇರಲಿಲ್ಲ.

ನಮ್ಮವರು ತಿಂಡಿಪೋತರು. ನಾನು ಮನೆಯಲ್ಲಿ ಉದ್ದಿನವಡೆ ಮಾಡಿದಾಗಲೆಲ್ಲ ರೇಗಿಸುತ್ತಿದ್ದರು. "ನಮ್ ಕ್ಯಾಂಟೀನ್ ವಡೆ ಒಂದ್ಸಲ ತಿನ್ಬೇಕು ಕಣೇ ನೀನು. ಆಮೇಲೆ ಬಾಣಲೆನೇ ಒಲೆ ಮೇಲೆ ಇಡಲ್ಲ." ಗಂಡಸರ ಬಡಾಯಿ ಎಂದುಕೊಂಡಿದ್ದೆ. ಕೆಲಸಕ್ಕೆ ಸೇರಿ ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಆ ವಡೆ ತಿಂದೆ. ನನ್ನದಕ್ಕಿಂತ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಅವರ ಮುಖ ನೆನಪಾಗಿ ನಗು ಬಂತು. ತುಟಿಯ ನಗುವಲ್ಲ, ಹೊಟ್ಟೆಯಿಂದ ಬಂದದ್ದು.

ನಮ್ಮ ಟೇಬಲ್ ಸುಮ್ಮನಾಯಿತು. ಪಕ್ಕದ ಟೇಬಲ್ಲೂ. ಅದು ರಾಜಣ್ಣನ ಮನೆಯವರಲ್ಲವೇ ಎಂದು ಯಾರೋ ಪಿಸುಗುಟ್ಟಿದರು. ಅಷ್ಟೇ. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ವಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಒಂದು ಮಾತು ನಿಜ ಹೇಳುತ್ತೇನೆ. ನನಗೆ ಆ ಕೆಲಸ ಇಷ್ಟವಾಗಿತ್ತು. ಬೆಳಗಿನ ಸೈರನ್ ಇಷ್ಟ. ಕರಗಿದ ಬೆಸುಗೆ ಬೆಳ್ಳಿಯ ಹಾಗೆ ಹೊಳೆದು, ಕಣ್ಣೆದುರೇ ಗಟ್ಟಿಯಾಗುವುದು ಇಷ್ಟ. ನಾನೂ ಒಂದು ವಸ್ತುವನ್ನು ಸರಿಯಾಗಿ ಮಾಡಬಲ್ಲೆ ಎಂದು ತಿಳಿದದ್ದು ಅಲ್ಲಿಯೇ. ಆದರೆ ಅವರು ಬದುಕಿದ್ದರೆ ಈ ಸಂತೋಷ ನನಗೆ ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ. ಈ ಯೋಚನೆ ಬಂದ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. (ಬಸ್ಸಿನಲ್ಲಿ ರಾಳದ ಹೊಗೆ ಇರುವುದಿಲ್ಲ.)

ಮೊದಲ ಸಂಬಳದ ಕವರನ್ನು ಅತ್ತೆ ನಮ್ಮವರ ಫೋಟೋದ ಮುಂದೆ ಇಟ್ಟು, ನನ್ನ ಮಗನ ಸಂಬಳ ಬಂತು ಎಂದು ಅತ್ತರು. ತಪ್ಪೇನಿದೆ? ನನಗೂ ಹಾಗೆಯೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅದಕ್ಕೂ ನಾಚಿಕೆ.

ಕನ್ಫರ್ಮ್ ಆದಾಗ ಸಿಹಿ ಹಂಚಲು ಮನಸ್ಸು ಬರಲಿಲ್ಲ. ಏನೂ ಕೊಡದೆ ಇರಲೂ ಆಗಲಿಲ್ಲ. ಖಾರಾಬೂಂದಿ ತಂದು ಹಂಚಿದೆ. ನಮ್ಮ ಸೆಕ್ಷನ್ನಿನಲ್ಲಿ ಖಾರ ಕೊಟ್ಟು ಕನ್ಫರ್ಮ್ ಆದವಳು ನಾನೊಬ್ಬಳೇ ಇರಬೇಕು. ತಿಥಿಯ ಊಟಕ್ಕೆ ಕೂತವರ ಹಾಗೆ ಎಲ್ಲರೂ ತಲೆ ತಗ್ಗಿಸಿ ತಿಂದರು. ಇದಾಗಿ ಹತ್ತು ವರ್ಷದ ಮೇಲಾಯಿತು.

ಈಗ ಸುಶೀಲಳ ವಿಷಯಕ್ಕೆ ಬರುತ್ತೇನೆ.

ಅಬ್ಬಿಗೆರೆ ಕಡೆಯ ಹುಡುಗಿ. ಹೊಲದ ಕೆಲಸ ಗೊತ್ತಿದ್ದವಳು. ಗಂಡ ನಮ್ಮ ಪೇಂಟ್ ಷಾಪಿನಲ್ಲಿದ್ದ. ಎದೆನೋವು ಎಂದು ಮಲಗಿದವನು ಏಳಲಿಲ್ಲ. ಸೂಪರ್‌ವೈಸರ್ ಅವಳನ್ನು ನನ್ನ ಪಕ್ಕಕ್ಕೇ ಕೂರಿಸಿದರು. ಅವಳ ಕಷ್ಟ ನನಗೆ ಗೊತ್ತಾಗುತ್ತದೆಯಂತೆ. ಹೊಗೆಯ ಪಾಠವನ್ನು ನಾನೂ ಹೇಳಿಕೊಟ್ಟೆ. ತುಂಬ ದಿನ ಅವಳಿಗೆ ಅದು ಬೇಕಾಯಿತು. ಬರಬರುತ್ತಾ ಕಡಿಮೆಯಾಯಿತು. ಒಮ್ಮೆ, ನಾನು ನೋಡುತ್ತಿಲ್ಲ ಎಂದುಕೊಂಡು, ತಾನು ಹಾಕಿದ ಬೆಸುಗೆಯನ್ನು ದೀಪಕ್ಕೆ ಹಿಡಿದು ನೋಡಿ ಮುಗುಳ್ನಕ್ಕಳು.

ಹೋದ ಸೋಮವಾರ ಅವಳ ಆರ್ಡರ್ ಬಂತು. ಊಟದ ಹೊತ್ತಿನಲ್ಲಿ ಹತ್ತಿರ ಸರಿದಳು.

"ಅಕ್ಕ, ನಾನೂ ಸ್ವೀಟ್ ಕೊಡ್ಲಾ? ಎಲ್ರೂ ಕೊಡ್ತಾರಂತಲ್ಲ."

ಮುಖದಲ್ಲಿ ಆಸೆ ಇತ್ತು. ಅದು ನನಗೆ ಕಾಣಲಿಲ್ಲ ಎಂದು ಸುಳ್ಳು ಹೇಳಲಾರೆ. ಕಂಡೇ ಹೇಳಿದೆ.

"ಬೇಡ ಕಣೇ. ಈ ಕೆಲಸ ಹೇಗೆ ಬಂತು ಅಂತ ಎಲ್ರಿಗೂ ಗೊತ್ತು. ಸಿಹಿ ಹಂಚಿದ್ರೆ ಜನ ಏನಂತಾರೆ? ಬೇಕಾದ್ರೆ ಖಾರ ತಂದ್ಕೊಡು."

ಸುಶೀಲ ಊಟದ ಡಬ್ಬಿಗೆ ಮುಚ್ಚಳ ಹಾಕಿದಳು. ಆಮೇಲೆ ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ದನಿ.

"ಅಂಗಾದ್ರೆ ಇದು ನನ್ ಕೆಲ್ಸ ಅಂತ ಯಾವಾಗ ಆಯ್ತದೆ ಅಕ್ಕ?"

ಸೈರನ್ ಆಯಿತು, ನಾನು ಡಬ್ಬಿ ಎತ್ತಿಕೊಂಡು ಎದ್ದೆ. (ಫ್ಯಾಕ್ಟರಿಯಲ್ಲಿ ಇದೊಂದು ಅನುಕೂಲ.)

ಮಂಗಳವಾರ ಅವಳು ಮಾತಾಡಲಿಲ್ಲ. ಬುಧವಾರವೂ ಇಲ್ಲ. ಗುರುವಾರ ಬರಲೇ ಇಲ್ಲ. ಈ ಕೆಲಸದ ಮೇಲೆ ಅವಳ ಮೈದುನನಿಗೆ ಮೊದಲಿಂದಲೂ ಕಣ್ಣಿತ್ತು. ಅದು ಅಣ್ಣನ ಕೆಲಸ, ತಮ್ಮನಿಗೆ ಬರಬೇಕಿತ್ತು ಎಂದು ಮನೆಯಲ್ಲಿ ದಿನಾ ಮಾತಾಗುತ್ತದೆಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಮನೆಯಲ್ಲಿ ಅವನು, ಇಲ್ಲಿ ನಾನು. ಇಬ್ಬರೂ ಸೇರಿ ಇದು ನಿನ್ನದಲ್ಲ ಎಂದಂತಾಯಿತಲ್ಲ? ಬಿಟ್ಟೇಬಿಡುತ್ತಾಳೇನೋ ಎಂದು ಭಯವಾಯಿತು. ಖಾಲಿ ಸ್ಟೂಲಿನ ಪಕ್ಕ ಕೂತು ನಾನು ಅಂದು ಹಾಕಿದ ಬೆಸುಗೆಗಳಲ್ಲಿ ಎಷ್ಟೋ ಇನ್‌ಸ್ಪೆಕ್ಷನ್ನಿನಿಂದ ವಾಪಸ್ ಬಂದವು.

ಶುಕ್ರವಾರ ಬಂದಳು. ಕೈಯಲ್ಲಿ ದೊಡ್ಡ ಪೊಟ್ಟಣ. ರಜ ಹಾಕಿ, ಮಲ್ಲೇಶ್ವರದವರೆಗೆ ಹೋಗಿ ತಂದಿದ್ದಳಂತೆ.

ಸಾಲಿನ ಆ ತುದಿಯಿಂದ ಹಂಚುತ್ತಾ ಬಂದಳು. ಯಾರು ಏನನ್ನುತ್ತಾರೋ ಎಂದು ನಾನು ಕಿವಿಯಾಗಿ ಕೂತಿದ್ದೆ. ಕೆಲವರು ಬೆನ್ನು ತಟ್ಟಿದರು. ಒಬ್ಬಳು ಒಂದೇನಾ ಎಂದಳು. ಸೂಪರ್‌ವೈಸರ್ ತನಗೆ ಶುಗರ್ ಇದೆ ಎನ್ನುತ್ತಲೇ ಎರಡು ತೆಗೆದುಕೊಂಡರು. ಅಷ್ಟೇ. ನಾನು ಕಾಯುತ್ತಿದ್ದ ಮಾತನ್ನು ಯಾರೂ ಆಡಲಿಲ್ಲ.

ಕೊನೆಗೆ ನನ್ನ ಹತ್ತಿರ. "ಕ್ವಾಪ ಮಾಡ್ಕಬ್ಯಾಡಿ ಅಕ್ಕ" ಎಂದು ಕಾಗದದ ಮೇಲೆ ಒಂದು ತುಂಡು ಇಟ್ಟಳು. ಅದರ ಪಕ್ಕದಲ್ಲಿ ತನ್ನದನ್ನು ಇಟ್ಟುಕೊಂಡು ಕೆಲಸಕ್ಕೆ ಕೂತಳು.

ಕೈ ಕೊಳೆಯಾಗಿದೆ ಎಂದು ತೊಳೆದು ಬಂದೆ. ಟೀ ಬರಲಿ ಎಂದೆ. ಟೀ ಬಂತು, ಆರಿತು. ನೆಪಗಳೆಲ್ಲ ಮುಗಿದ ಮೇಲೆ ಗಮನಿಸಿದೆ, ಅವಳ ತುಂಡೂ ಹಾಗೇ ಇತ್ತು. ಸೆಕ್ಷನ್ನಿಗೆಲ್ಲ ಸಿಹಿ ಹಂಚಿದವಳು ತಾನು ತಿಂದಿರಲಿಲ್ಲ. ನನ್ನನ್ನು ಕೇಳುತ್ತಿರಲಿಲ್ಲ, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಕಾಯುತ್ತಿದ್ದಳು.

ಫಿಲೋಮಿನಮ್ಮನಿಗೆ ಸಾಕಾಯಿತು. (ಇನ್ನೇನು ರಿಟೈರ್ ಆಗುತ್ತಾರೆ. ಅವರ ನಾಲಿಗೆ ಆಗುವುದಿಲ್ಲ.) "ಏನ್ ಲಲಿತಾ, ಅವತ್ತು ನಮಗೆಲ್ಲ ಖಾರ ತಿನ್ಸಿದ್ದು ಸಾಲ್ದಾ? ಈ ಮಗೂಗೂ ಅದನ್ನೇ ತಿನ್ಸ್ಬೇಕಾ?"

ತಿಂದೆ. ಸುಶೀಲ ತನ್ನ ತುಂಡನ್ನು ಬಾಯಿಗೆ ಹಾಕಿಕೊಂಡಳು. ಇಬ್ಬರೂ ತಲೆ ಎತ್ತಲಿಲ್ಲ. ಅಂದು ರಾಳದ ಹೊಗೆ ಸ್ವಲ್ಪ ಜಾಸ್ತಿ ಇತ್ತು ಎಂದಿಟ್ಟುಕೊಳ್ಳಿ.

ಹೊರಡುವಾಗ ಮನೆಗೆಂದು ಇನ್ನೊಂದು ತುಂಡು ಕಟ್ಟಿಕೊಟ್ಟಳು. ಅದನ್ನು ಅತ್ತೆಯ ಕೈಗಿಟ್ಟೆ. ಯಾರದು ಎಂದರು. ಗಂಡ ಹೋದ ಮೇಲೆ ಕೆಲಸಕ್ಕೆ ಬಂದ ಹುಡುಗಿಯದು, ಕನ್ಫರ್ಮ್ ಆಯಿತೆಂದು ಹಂಚಿದಳು ಎಂದೆ. ಈಗ ಏನಾದರೂ ಅನ್ನುತ್ತಾರೆ ಎಂದು ನಿಂತೆ. ಅತ್ತೆ ಅರ್ಧ ಮುರಿದು ಮಗನ ಫೋಟೋದ ಮುಂದೆ ಇಟ್ಟರು. ಇನ್ನರ್ಧವನ್ನು ನಿಧಾನವಾಗಿ ತಿಂದರು.

"ಅವತ್ತು ನೀನ್ಯಾಕೆ ಕೊಡ್ಲಿಲ್ಲ?"

ಜನ ಏನನ್ನುತ್ತಾರೋ ಎಂದು ಕೊಡಲಿಲ್ಲ ಎಂದೆ.

"ಯಾವ ಜನ?" ಎಂದರು ಅತ್ತೆ.

ಅಂದು ಕ್ಯಾಂಟೀನಿನಲ್ಲಿ ಪಿಸುಗುಟ್ಟಿದವರು ಎಂದೋ ರಿಟೈರ್ ಆಗಿ ಹೋದರು. ಈಗಿನವರು ಕೇಳಿ ಹಾಕಿಸಿಕೊಂಡು ತಿಂದರು. ಅತ್ತೆ ತಿಂದರು. ವಡೆಗೆ ಅಷ್ಟು ಆಸೆಪಡುತ್ತಿದ್ದ ಫೋಟೋದವರು ಇದನ್ನು ಬಿಡುತ್ತಿದ್ದರೇ?

ಹಾಗಾದರೆ, ಸುಶೀಲಳಿಗೆ ನಾನು ತೋರಿಸಿ ಹೆದರಿಸಿದ ಆ ಜನ, ನಾನಲ್ಲದೆ ಇನ್ಯಾರು?