ಹುಸೇನ್‌ಸಾಬನ ಒಂದನೇ ನಂಬರ್

ಸಿಂಧನೂರಿನ ಐಸ್ ಫ್ಯಾಕ್ಟ್ರಿಯಲ್ಲಿ ಗಡ್ಡೆ ಕರಗದಂತೆ ಭತ್ತದ ಹೊಟ್ಟು ಮುಚ್ಚುವ ಹುಸೇನ್‌ಸಾಬನಿಗೆ ಜಗಳವಾಡಲು ಒಬ್ಬ ಮನುಷ್ಯ ಬೇಕಾಗಿದ್ದಾನೆ. ನಗಬೇಡಿ! ಹೊಟ್ಟೆಗೆ ಅನ್ನ ಬೇಕು, ನಾಲಿಗೆಗೆ ತಕರಾರು ಬೇಕು. ಅನ್ನ ಅವನಿಗಿದೆ.

ಜಗಳದ ವಿಷಯವಾದರೂ ಎಂಥದ್ದು? ಐಸ್ ಹಾಕಿ. ಡಾಂಬರು ಕರಗುವ ಈ ಊರಿನ ಬಿಸಿಲಲ್ಲಿ ಇವನಿಗೆ ಐಸ್ ಮೇಲಿನ ಆಟದ ಹುಚ್ಚು! ಹಚ್ಚಿದವನು ಜೊತೆಗೆ ಕೆಲಸ ಮಾಡುತ್ತಿದ್ದ ಬಳಗಾನೂರಿನ ಯಮನೂರ. ಬುತ್ತಿ ಉಂಡು ಇಬ್ಬರೂ ಒಂದೇ ಮೊಬೈಲಿಗೆ ತಲೆ ಹಚ್ಚಿ ಹಳೆಯ ಪಂದ್ಯ ನೋಡುತ್ತಿದ್ದರು. ಆಮೇಲೆ ಶುರು: ಜಗತ್ತಿನಲ್ಲೇ ದೊಡ್ಡ ಆಟಗಾರ ಯಾರು?

"ಗ್ರೆಟ್ಸ್ಕಿ! ಅಷ್ಟು ಗೋಲ್ ಹೊಡದಾವ ಮತ್ಯಾರದಾರ?" ಎನ್ನುತ್ತಿದ್ದ ಹುಸೇನ್‌ಸಾಬ್.

"ಹೊಡ್ಯಾವ್ರು ಊರ ತುಂಬ ಅದಾರಲೇ. ತಡ್ಯಾವ ಒಬ್ಬನ. ಹಾಶೆಕ್ ಒಂದನೇ ನಂಬರ್." ಯಮನೂರ ತನ್ನ ಗೋಲ್‌ಕೀಪರ್‌ನನ್ನು ಬಿಟ್ಟುಕೊಡುವವನಲ್ಲ.

ಮಾತಿಗೆ ಮಾತು ಬೆಳೆದರೆ ಗಡ್ಡೆಯ ಹೊಟ್ಟು ಸರಿಸಿ, ಸೋಡಾ ಬಾಟಲಿಯ ಮುಚ್ಚಳ ಇಟ್ಟು ಆಡುತ್ತಿದ್ದರು. ಹುಸೇನ್‌ಸಾಬ್ ಬೆರಳಿನಿಂದ ಚಿಮ್ಮಿಸುತ್ತಿದ್ದ, ಆ ತುದಿಯಲ್ಲಿ ಯಮನೂರ ಅಂಗೈ ಅಡ್ಡ ಹಿಡಿಯುತ್ತಿದ್ದ. ಮರಗಟ್ಟಿದರೂ ಕೈ ತೆಗೆಯುತ್ತಿರಲಿಲ್ಲ, ಭಂಡ!

ಹೋದ ವರ್ಷ ಯಮನೂರ ಕಾಮಾಲೆಯಾಗಿ ಆಸ್ಪತ್ರೆ ಸೇರಿದ. "ಈಗರ ಒಪ್ಪಲೇ ದೋಸ್ತ, ಹಾಶೆಕ್ ದೊಡ್ಡಾವಂತ" ಎಂದ. ಹುಸೇನ್‌ಸಾಬನಿಗೆ ತಾಯಿ ಪೀರ್‌ಬೀ ಹೇಳುತ್ತಿದ್ದದ್ದು ನೆನಪಾಯಿತು: ಹೊರಟವರ ಜೊತೆ ಮಾತು ಪೂರಾ ಮುಗಿಸಬಾರದು, ಬಾಕಿ ಉಳಿದರೆ ತಿರುಗಿ ಬರುತ್ತಾರೆ.

"ಎದ್ದು ಬಾರಲೇ ಮೊದ್ಲ. ಗಡ್ಡಿ ಮ್ಯಾಲೆ ತೀರ್ಮಾನ ಮಾಡೂಣು" ಎಂದ. ಒಪ್ಪಲಿಲ್ಲ. ಯಮನೂರ ಬರಲೂ ಇಲ್ಲ. ಅವನ ಮಣ್ಣಿಗೆ ಹೋಗಿ ಬಂದ ಹುಸೇನ್‌ಸಾಬ್ ಆ ವಾರ ಮೊಬೈಲ್ ತೆರೆಯಲಿಲ್ಲ.

ಈಗ ಚಹಾ ಹೋಟೆಲಿನ ಬುಡ್ಡೇಸಾಬನ ಮುಂದೆ ಗ್ರೆಟ್ಸ್ಕಿಯ ಮಾತು ತೆಗೆದರೆ, "ನೀವ್ ಹೇಳಿದ್ದ ಖರೆ ಬಿಡ್ರಿ ಚಾಚಾ" ಎಂದು ಅವನು ಗ್ಲಾಸು ತೊಳೆಯಲು ಹೋಗುತ್ತಾನೆ. ಆ ಒಪ್ಪಿಗೆಗೆ ಹುಸೇನ್‌ಸಾಬನಿಗೆ ಮೈಯೆಲ್ಲ ಉರಿಯುತ್ತದೆ. ಆಮೇಲೆ ಅಳು ಬರುತ್ತದೆ.

ಮೊನ್ನೆ ಮಧ್ಯಾಹ್ನ ಒಬ್ಬನೇ ಹೊಟ್ಟು ಸರಿಸಿ ಮುಚ್ಚಳ ಚಿಮ್ಮಿಸಿದ. ಅದು ಸೀದಾ ಹೋಗಿ ಆ ತುದಿಯಿಂದ ಕೆಳಗೆ ಬಿತ್ತು. ಗೋಲು. ಎತ್ತಿ ತಂದು ಮತ್ತೆ ಹೊಡೆದ. ಮತ್ತೆ ಗೋಲು. ಎಷ್ಟು ಹೊಡೆದರೂ ಗೋಲೇ. ಥೂ, ಇದೆಂಥ ಆಟ!

ಎದ್ದು ಆ ತುದಿಗೆ ಹೋಗಿ, ಯಮನೂರ ಕೂರುತ್ತಿದ್ದಲ್ಲಿ ಕೂತು, ಅಂಗೈ ಅಡ್ಡ ಇಟ್ಟ. "ಹಾಶೆಕ್ಕೇ ಒಂದನೇ ನಂಬರ್, ಆತಿಲ್ಲೋ? ಒಪ್ಕೊಂಡೀನಿ. ಈಗ ನೀ ಹೊಡಿ" ಎಂದ.

ಕೈ ಮರಗಟ್ಟಿತು. ತೆಗೆಯಲಿಲ್ಲ.