ಬಗ್ಗಬಹುದೇ ಎಂಬ ಪ್ರಶ್ನೆ

‘ಮನಸ್ಸಿದ್ದರೆ ಮಾರ್ಗ’ ಎಂದು ಬಾಲ್ಯದಲ್ಲಿ ಕಲಿತಿದ್ದೆ. ಮಾರ್ಗ ಕಾಣದವರಿಗೆಲ್ಲ ಮನಸ್ಸೇ ಇಲ್ಲವೆಂದು ತೀರ್ಪು ಕೊಡಲು ಇದಕ್ಕಿಂತ ಅಗ್ಗದ ಮಾತು ಉಂಟೇ?

ಎಂ.ಎ. ಮುಗಿಸಿದ ವರ್ಷ ಬಸವನಗುಡಿಯ ಒಂದು ಕ್ಲಿನಿಕ್ಕಿನಲ್ಲಿ, ಕನ್ನಡ ಬಾರದ ವೈದ್ಯರೊಬ್ಬರಿಗೆ ನಾನು ದುಭಾಷಿಯಾಗಿದ್ದೆ; ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುವುದೂ ನನ್ನದೇ ಕೆಲಸ. ಒಂದು ಬೆಳಿಗ್ಗೆ ಸರೋಜಮ್ಮ ಎಂಬ ಹಿರಿಯರು ಮಗನೊಡನೆ ಬಂದರು. ಅವರಿಗೆ ವರ್ಷಗಳಿಂದ ಬೆನ್ನುನೋವು.

“ಬಗ್ಗಿದ್ರೆ ಬೆನ್ನು ಮುರಿದೇ ಹೋಗತ್ತೆ ಅಂತ ಭಯ ಕಣಪ್ಪಾ. ಬಾಗಿಲಿಗೆ ರಂಗೋಲಿ ಹಾಕೋದೂ ಬಿಟ್ಟೆ. ಅದೇ ಯೋಚನೆ, ನಿದ್ದೇನೇ ಇಲ್ಲ. ನಾನು ಬಗ್ಗಬಹುದಾ, ಬಾರದಾ? ಅಷ್ಟು ಕೇಳು.”

ಕೇಳಿದೆ. ವೈದ್ಯರು ಆಕೆ ತಂದಿದ್ದ ಬೆನ್ನಿನ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ಆಕೆಯ ಮುಖ ನೋಡಲಿಲ್ಲ. ಇದರಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನಲ್ಲೇ ಇದೆ ಎಂದು ತಿಳಿಸುವಂತೆ ನನಗೆ ಇಂಗ್ಲಿಷಿನಲ್ಲಿ ಅಪ್ಪಣೆಯಾಯಿತು.

ಇಂಗ್ಲಿಷ್ ಬಲ್ಲ ಮಗ ಗೆದ್ದವನಂತೆ ನಕ್ಕ. “ನಾನ್ ಹೇಳ್ಲಿಲ್ವಾಮ್ಮಾ? ಬರೀ ನಾಟಕ ನಿಂದು!”

ಎಂಥ ಪಾಂಡಿತ್ಯ! ಎಲ್ಲ ಮನಸ್ಸಿನಲ್ಲಿದೆ ಎಂದವರು ಆ ಮನಸ್ಸಿನ ಭಯವನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮನಸ್ಸೆಂದರೆ ಅವರಿಗೆ, ಸ್ಕ್ಯಾನಿಗೆ ಸಿಗದ ನೋವನ್ನೆಲ್ಲ ಎಸೆಯುವ ತಿಪ್ಪೆ.

“ಏನಂದ್ರಪ್ಪಾ ಡಾಕ್ಟ್ರು?” ಸರೋಜಮ್ಮ ನನ್ನತ್ತ ತಿರುಗಿದರು.

ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಎರಡೂ ಭಾಷೆಗಳಲ್ಲಿ ಹೇಳಿದೆ: “ಆ ಮಾತನ್ನು ನಾನು ಅನುವಾದಿಸುವುದಿಲ್ಲ. ಇವರು ಬಗ್ಗಬಹುದೇ ಇಲ್ಲವೇ ಎಂದು ವೈದ್ಯರು ಹೇಳುವವರೆಗೆ ಮುಂದಿನ ರೋಗಿಯನ್ನು ಒಳಗೆ ಕರೆಯುವುದೂ ಇಲ್ಲ.”