ಬೋರೇಗೌಡರ ಪಾಸ್‌ವರ್ಡ್

ಕಣಿ, ಶಕುನ, ಹಲ್ಲಿ ನುಡಿಯುವುದು, ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅರಕೆರೆಯ ನಮ್ಮ ಮನೆಯಲ್ಲಿ ಅವ್ವ ಒಮ್ಮೆ ಕಣಿ ಹೇಳುವವಳನ್ನು ಕರೆದು ಕೂರಿಸಿಕೊಂಡಾಗ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗಿದ್ದೆ. ಕಂಪ್ಯೂಟರ್ ಕಲಿತವನಿಗೆ ಒಂದು ಸೊಕ್ಕಿರುತ್ತದೆ. ಯಾವುದಕ್ಕೂ ಕಾರಣ ಇದ್ದೇ ಇದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎನ್ನುವ ಸೊಕ್ಕು. ಈಗ ಬರೆಯುತ್ತಿರುವ ಘಟನೆಗೂ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಕತ್ತಲಲ್ಲಿ ನಡೆದದ್ದಾದರೆ ಕಣ್ಣು ಮೋಸ ಮಾಡಿತು ಅನ್ನಬಹುದಿತ್ತು. ಇದು ನಡೆದದ್ದು ಹಾಡಹಗಲು, ಟ್ಯೂಬ್‌ಲೈಟ್ ಉರಿಯುತ್ತಿದ್ದ ಕಚೇರಿಯಲ್ಲಿ. ಓದಿದವರು ನನ್ನನ್ನು ಸುಳ್ಳ ಎನ್ನಬಹುದು. ಅದಕ್ಕಿಂತ ಕೆಟ್ಟ ಮಾತಿಗೂ ನಾನು ತಕ್ಕವನೇ.

ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ, ಹಸುಗಳ ಫೀಡ್ ಮಾರುವ ಒಂದು ಖಾಸಗಿ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ನಮ್ಮ ಗೋಡೌನುಗಳಿದ್ದವು. ಆ ವರ್ಷ ನೌಕರರೆಲ್ಲ ತಮ್ಮ ಮನೆಯವರ ಹೆಸರನ್ನು ಆಸ್ಪತ್ರೆಯ ವಿಮೆಗಾಗಿ ಒಂದು ಆನ್‌ಲೈನ್ ಫಾರಂನಲ್ಲಿ ತುಂಬಬೇಕಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ತೆರೆಯುತ್ತಿತ್ತು. ಕಂಪ್ಯೂಟರ್ ಇಲ್ಲದ ಗೋಡೌನುಗಳವರು ಮೊಬೈಲಿನಲ್ಲಿ ತೆರೆದರೆ ಪಾಸ್‌ವರ್ಡ್ ಕೇಳುತ್ತಿತ್ತು, ಮೂರು ಸಲ ತಪ್ಪಿದರೆ ಲಾಕ್ ಆಗುತ್ತಿತ್ತು. ಲಾಕ್ ತೆಗೆಯುವವನು ನಾನೊಬ್ಬನೇ. ನಾನು ಬಟನ್ ಒತ್ತಿದರೆ ಯಂತ್ರವೇ ಎಂಟು ಅಕ್ಷರದ ಹೊಸ ಪಾಸ್‌ವರ್ಡ್ ಕಟ್ಟಿ ನನ್ನ ಪರದೆಯ ಮೇಲೆ ತೋರಿಸುತ್ತಿತ್ತು. ಅದನ್ನು ಫೋನಿನಲ್ಲಿ ಓದಿ ಹೇಳುವುದು ನನ್ನ ಕೆಲಸ. ಒತ್ತುವ ತನಕ ಅದು ಏನಾಗಿರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಕೊನೆಯ ದಿನ ಶನಿವಾರ. ಸಂಜೆ ಐದಕ್ಕೆ ಫಾರಂ ಮುಚ್ಚುತ್ತದೆ, ಆಮೇಲೆ ಮುಂದಿನ ವರ್ಷವೇ. ಬೆಳಗ್ಗೆಯಿಂದ ನನ್ನ ಫೋನಿನ ಗಂಟೆ ನಿಲ್ಲಲೇ ಇಲ್ಲ. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಬೋರೇಗೌಡರ ಕರೆ. ಅವರು ಸಿಂಧಘಟ್ಟದವರು, ಕೆ.ಆರ್. ಪೇಟೆ ಗೋಡೌನಿನಲ್ಲಿ ದಾಸ್ತಾನು ನೋಡಿಕೊಳ್ಳುವವರು, ಐವತ್ತು ದಾಟಿದ ಮನುಷ್ಯ. ಅವರ ಹೆಂಡತಿ ಸಾಕಮ್ಮನವರ ಹೃದಯದ ವಾಲ್ವ್ ಕೆಟ್ಟಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಈ ಫಾರಂ ತುಂಬಿದರೆ ಮಾತ್ರ ಅದು ಆಗುವುದು.

"ಆಕ್ದೆ ಸಾ, ತಪ್ಪು ಅಂತದೆ," ಎನ್ನುತ್ತಿದ್ದರು. ನಾನು ಲಾಕ್ ತೆಗೆದು ಹೊಸದನ್ನು ಹೇಳುತ್ತಿದ್ದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. ನಾಲ್ಕನೆಯ ಸಲ ನಾನು ಸ್ಪೀಕರ್ ಹಾಕಿ, ಅವರು ಇಂಗ್ಲಿಷ್ ಅಕ್ಷರಗಳನ್ನು ಎಡವಿ ಎಡವಿ ಓದುವುದನ್ನು ಪಕ್ಕದವರಿಗೆಲ್ಲ ಕೇಳಿಸಿದೆ. ಎಲ್ಲರೂ ನಕ್ಕರು. ನಗು ಅವರಿಗೂ ಕೇಳಿಸಿರಬೇಕು. ಆ ಗಲಾಟೆಯಲ್ಲಿ ಅವರು ಓದಿದ್ದು ಏನೆಂದು ನಾನು ಗಮನಿಸಲೇ ಇಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಕರೆ ಬಂತು. ನನಗೆ ರೇಗಿತು. "ಗೌಡ್ರೇ, ಏನು ಹಾಕ್ತಿದೀರಿ ಅಂತ ಒಂದೊಂದೇ ಅಕ್ಷರ ಹೇಳಿ," ಎಂದು ಪೆನ್ಸಿಲ್ ತಗೊಂಡೆ. ಅವರು ಹೇಳಿದರು, ನಾನು ಬರೆದುಕೊಂಡೆ. ನಾನು ಕೊಟ್ಟದ್ದಕ್ಕೂ ಅದಕ್ಕೂ ಒಂದು ಅಕ್ಷರದ ಸಂಬಂಧವೂ ಇರಲಿಲ್ಲ. ಕಿವುಡರೇನ್ರೀ ಎಂದು ಬೈದು, ಬಟನ್ ಒತ್ತಿದೆ. ಪರದೆಯ ಮೇಲೆ ಹೊಸ ಪಾಸ್‌ವರ್ಡ್ ಬಂತು. ನನ್ನ ಮುಂದಿನ ಕಾಗದದಲ್ಲಿ ಪೆನ್ಸಿಲಿನಲ್ಲಿ ಬರೆದದ್ದೇ ಅದು. ಎಂಟಕ್ಕೆ ಎಂಟೂ ಅಕ್ಷರ.

ಕಾಗದವನ್ನು ಪರದೆಯ ಪಕ್ಕ ಹಿಡಿದು ಮತ್ತೊಮ್ಮೆ ಓದಿದೆ. ಆಮೇಲೆ ಮೆಲ್ಲಗೆ ಕೇಳಿದೆ, "ಇದನ್ನ ನಿಮಗೆ ಯಾರು ಹೇಳಿದ್ದು?"

"ನೀವೇ ಯೋಳಿದ್ರಲ್ಲ ಸಾ."

"ಈಗ ಏನಿದೆ ನಿಮ್ಮ ಹತ್ರ?"

"ಈಗ ಇನ್ನೊಂದು ಯೋಳಿದ್ರಲ್ಲ, ಅದ ಬರ್ಕೊಂಡಿವ್ನಿ," ಎಂದು ಬೇರೆಯೇ ಎಂಟು ಅಕ್ಷರ ಓದಿದರು. ನಾನು ಹೊಸದಾಗಿ ಯಾವ ಪಾಸ್‌ವರ್ಡನ್ನೂ ಹೇಳಿರಲಿಲ್ಲ. ಅದನ್ನೂ ಬರೆದುಕೊಂಡು ಬಟನ್ ಒತ್ತಿದೆ. ಅದೇ ಬಂತು.

ಆಗ ಅರ್ಥವಾಯಿತು, ಅವರ ಲಾಗಿನ್ ಯಾಕೆ ಆಗುತ್ತಿಲ್ಲವೆಂದು. ನಾನು ಮುಂದಿನ ಸಲ ಹೇಳಲಿರುವುದು ಅವರಿಗೆ ಮೊದಲೇ ಕೇಳಿಸುತ್ತಿತ್ತು. ಪಾಪ, ಆ ಮನುಷ್ಯ ಇನ್ನೂ ಹುಟ್ಟದ ಪಾಸ್‌ವರ್ಡನ್ನು ಬೆಳಗ್ಗೆಯಿಂದ ಹಾಕುತ್ತಿದ್ದರು. ಮೂರು ಸಲ ಹಾಕಿ ಲಾಕ್ ಮಾಡಿಕೊಳ್ಳುತ್ತಿದ್ದರು. ಸರಿಪಡಿಸುವುದು ಎಷ್ಟು ಸುಲಭವಿತ್ತು ನೋಡಿ. ಆ ಕ್ಷಣ ಅವರ ಚೀಟಿಯಲ್ಲಿದ್ದದ್ದೂ ನನ್ನ ಪರದೆಯಲ್ಲಿದ್ದದ್ದೂ ಒಂದೇ. "ಈಗ ಹಾಕಿ ಗೌಡ್ರೇ" ಎಂದಿದ್ದರೆ ಫಾರಂ ತೆರೆಯುತ್ತಿತ್ತು.

ನಾನು ಹಾಗೆನ್ನಲಿಲ್ಲ. ಹೆದರಿಕೆ ಒಂದು ಕಡೆ. ನನ್ನ ಯಂತ್ರದೊಳಗೆ ಹಳ್ಳಿಯ ಮುದುಕನೊಬ್ಬ ನನಗಿಂತ ಮೊದಲು ಹೊಕ್ಕುಬಿಟ್ಟನಲ್ಲ ಎಂಬ ಉರಿ ಇನ್ನೊಂದು ಕಡೆ. ಆ ಕಡೆಯಿಂದ ಬೋರೇಗೌಡರ ದನಿ ಇದ್ದಕ್ಕಿದ್ದಂತೆ ಕುಗ್ಗಿತು.

"ಯಾಕ್ಸಾ, ನನ್ನ ಕಳ್ಳ ಅಂತೀರಿ? ನಾನೇನ್ ಕದ್ದೆ?"

ನಾನು ಆ ಮಾತು ಆಡಿರಲಿಲ್ಲ. ಮನಸ್ಸಿನಲ್ಲಿಯೂ ಅಂದುಕೊಂಡಿರಲಿಲ್ಲ. ಫೋನ್ ಇಟ್ಟು, ಕಾಗದ ಹಿಡಿದು ಮ್ಯಾನೇಜರ ಕೋಣೆಗೆ ಹೋದೆ.

ನಮ್ಮ ಮ್ಯಾನೇಜರಿಗೆ ಒಬ್ಬರನ್ನು ಬಗ್ಗಿಸಿ ನಿಲ್ಲಿಸುವುದೆಂದರೆ ಹಬ್ಬ. ಪಾಸ್‌ವರ್ಡುಗಳು ಬೋರೇಗೌಡರಿಗೆ ಮೊದಲೇ ಗೊತ್ತಾಗುತ್ತಿವೆ ಎಂದಷ್ಟೇ ಹೇಳಿದೆ, ಹೇಗೆ ಎನ್ನಲಿಲ್ಲ. ಹೇಳಿದ್ದರೆ ನನ್ನನ್ನೇ ಹುಚ್ಚ ಎನ್ನುತ್ತಿದ್ದರು. ಅವರು ಗೋಡೌನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯೂ ಸ್ಪೀಕರ್ ಹಾಕಿಸಿದರು, ಹಮಾಲಿಗಳನ್ನೆಲ್ಲ ಸುತ್ತ ನಿಲ್ಲಿಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರೀ, ಎಲ್ರಿಗೂ ಕೇಳೋ ಹಾಗೆ ಹೇಳಿ. ಏನು ಇವನು?" ಎಂದರು.

ಇಲ್ಲಿ ನಾನು ನಿಜ ಹೇಳಬೇಕು. ಆ ಪದ ನನ್ನ ಬಾಯಿಂದ ಬರುತ್ತದೆಂದು ನನಗೆ ಕಾಲು ಗಂಟೆ ಮೊದಲೇ ತಿಳಿದಿತ್ತು. ಬೇರೆ ಏನಾದರೂ ಹೇಳಬಹುದಿತ್ತು. 'ತಾಂತ್ರಿಕ ತೊಂದರೆ ಸಾರ್' ಎಂಬ ಮಾತನ್ನು ನಾನು ದಿನಕ್ಕೆ ನೂರು ಸಲ ಹೇಳುತ್ತಿದ್ದವನು. ಅದು ಆವತ್ತು ನಾಲಿಗೆಗೆ ಬರಲಿಲ್ಲ.

"ಕಳ್ಳ ಸಾರ್," ಎಂದೆ.

ಆ ಕಡೆಯಿಂದ ಬೋರೇಗೌಡರು ಆಶ್ಚರ್ಯಪಡಲಿಲ್ಲ. "ಆಗ್ಲೇ ಅಂದ್ರಲ್ಲ ಸಾ. ಎಷ್ಟ್ ಸಲ ಅಂತೀರಿ?" ಎಂದರು. ಆಮೇಲೆ ಬೇಡಿಕೊಂಡರು. "ಫಾರಮ್ ಒಂದ್ ತುಂಬ್ಕೊಟ್ಬುಡಿ ಸಾ, ಆಮ್ಯಾಕೆ ಏನಾರ ಮಾಡ್ಕಳಿ. ಅವ್ಳು ಉಸ್ರು ಎಳ್ಕೊಳಕ್ಕೂ ಆಗ್ದೆ ಮಲಗವ್ಳೆ."

"ನಡೀಲಾ ಆಚೆಗೆ," ಎಂದರು ಮ್ಯಾನೇಜರು. ಗೋಡೌನಿನ ಬೀಗದ ಕೈ ಇಸಿದುಕೊಳ್ಳಲು ಹಮಾಲಿಗಳಿಗೆ ಹೇಳಿದರು. ಕಂಪನಿಯ ಹೆಸರಿರುವ ಅಂಗಿಯನ್ನೂ ಅಲ್ಲೇ ಬಿಚ್ಚಿಸಿ ಕಳಿಸಬೇಕೆಂದರು. ಒಂದು ಗುಂಡಿ ಬಿಚ್ಚಲು ಇಷ್ಟು ಹೊತ್ತಾ ಎಂದು ಗೋಡೌನಿನಲ್ಲಿದ್ದ ಯಾರೋ ಹೇಳಿ ನಕ್ಕರು. ಮ್ಯಾನೇಜರೂ ನಕ್ಕರು. ನಾನೂ ನಕ್ಕೆ ಎಂದು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಬನೀನಿನಲ್ಲೇ ಬಸ್ಸು ಹತ್ತಿ ಅವರು ಸಿಂಧಘಟ್ಟಕ್ಕೆ ಹೋದರಂತೆ. ಐದು ಗಂಟೆಗೆ ಫಾರಂ ಮುಚ್ಚಿತು.

ಮುಂದಿನ ವಾರವಿಡೀ ನಾನು ಕಾರಣ ಹುಡುಕಿದೆ. ನನ್ನ ಪರದೆಯನ್ನು ಯಾರಾದರೂ ದೂರದಿಂದ ನೋಡುತ್ತಿದ್ದಾರೆಯೇ ಎಂದು ಯಂತ್ರವನ್ನೇ ಬಿಚ್ಚಿ ನೋಡಿದೆ. ಫಾರಂ ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. ಒತ್ತಿದ ಮೇಲೆಯೇ ಪಾಸ್‌ವರ್ಡ್ ಹುಟ್ಟುವುದು, ಅದಕ್ಕೂ ಮೊದಲು ಅದು ಎಲ್ಲಿಯೂ ಇರುವುದಿಲ್ಲ ಎಂದರು. ಕಾಗದ ಮಾತ್ರ ನನ್ನ ಹತ್ತಿರವಿತ್ತು. ಬರಹ ನನ್ನದೇ.

ನಾಲ್ಕು ತಿಂಗಳಾದ ಮೇಲೆ ಲೋಡು ಇಳಿಸಿ ಬಂದ ಲಾರಿ ಡ್ರೈವರ್ ಒಬ್ಬ, ಬೋರೇಗೌಡರ ಹೆಂಡತಿ ತೀರಿಹೋದ ಸುದ್ದಿ ಹೇಳಿದ. ಒಂದು ಭಾನುವಾರ ಬೈಕ್ ತೆಗೆದುಕೊಂಡು ಪಾಂಡವಪುರದ ಮೇಲೆ ಹೊರಟೆ. ಚಿನಕುರಳಿ ದಾಟುವವರೆಗೂ 'ತಪ್ಪಾಯ್ತು' ಎಂಬ ಒಂದೇ ಮಾತನ್ನು ಬಾಯಲ್ಲಿ ತಿರುಗಿಸುತ್ತಿದ್ದೆ.

ಬೋರೇಗೌಡರು ಮನೆಯ ಪಕ್ಕ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನನ್ನ ಮುಖ ಅವರು ಅಷ್ಟಾಗಿ ಕಂಡವರಲ್ಲ, ಆದರೂ ಗುರುತು ಹಿಡಿದರು. ಬೈಯಲಿಲ್ಲ. ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟು, ದೂರದಲ್ಲಿ ಯಾರೋ ಕೂಗುವುದನ್ನು ಕೇಳುವವರ ಹಾಗೆ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನಿಂತರು. ನಾನು ಬಾಯಿ ತೆರೆಯುವುದಕ್ಕೆ ಉಸಿರು ಎಳೆದುಕೊಂಡೆ.

"ನೀವೇನೂ ಯೋಳಾಕಿಲ್ಲ ಬುಡಿ ಸಾ," ಎಂದರು. "ಓಗಿ, ಬಿಸ್ಲು ಏರ್ತಾ ಅದೆ."

ಹೇಳಬೇಕೆಂದೇ ಅಷ್ಟು ದೂರ ಹೋದವನು ನಾನು. ಗಂಟಲು ಸರಿಮಾಡಿಕೊಂಡೆ, ಒಂದು ಹೆಜ್ಜೆ ಮುಂದೆಯೂ ಇಟ್ಟೆ. ಅವರು ಕಾದರು. ಆಮೇಲೆ ಹುಲ್ಲು ಎತ್ತಿಕೊಂಡು ಆ ಕಡೆ ತಿರುಗಿದರು. ನಾನು ಬೈಕ್ ಹತ್ತಿದೆ. ಅವರು ಹಾಗೆ ಅಂದದ್ದಕ್ಕೆ ನನ್ನ ಬಾಯಿ ಕಟ್ಟಿತೋ, ನಾನು ತಪ್ಪಾಯ್ತೆಂದು ಹೇಳುವ ಮನುಷ್ಯನೇ ಅಲ್ಲ ಎನ್ನುವುದು ಅವರ ಕಿವಿಗೆ ಮೊದಲೇ ಬಿದ್ದಿತ್ತೋ, ನನಗೆ ತಿಳಿಯದು.